ಅಚ್ಚಿಗೆ ಇರುವೆ ಬಂದ ಮಳೆಗಾಲ

ಹೋದ ತಿಂಗಳು ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವಾಗ ಬೈಕು ಪಂಕ್ಚರ್ ಆಯಿತು. ತಳ್ಳಿಕೊಂಡು ಹೋಗಿ ಒಂದು ಅಂಗಡಿ ಮುಂದೆ ನಿಲ್ಲಿಸಿದೆ. ಪಕ್ಕದಲ್ಲೇ ಆಲೆಮನೆ. ಕೊಪ್ಪರಿಗೆಯ ತಳ ಹಿಡಿದಿತ್ತೋ ಏನೋ, ಸೀದ ಬೆಲ್ಲದ ವಾಸನೆ ಗಾಳಿಯಲ್ಲಿ ಬಂತು. ಟ್ಯೂಬು ಬಿಚ್ಚುತ್ತಿದ್ದವನು ಮೂಗರಳಿಸಿ, “ಆಹಾ, ಒಸಿ ಕಾಯಿ ಚೂರು ಇದ್ದಿದ್ರೆ ಸಂದಾಗಿರೋದು ಕಣಣ್ಣ” ಅಂದ. ನನ್ನ ಎರಡು ಅಂಗೈಯೂ ಬೆವರಿ ಒದ್ದೆಯಾಗಿದ್ದವು. ಪ್ಯಾಂಟಿಗೆ ಒರೆಸಿಕೊಂಡು ದೂರ ಹೋಗಿ ನಿಂತೆ.

ಎಲ್ಲರ ಬಾಯಲ್ಲೂ ನೀರು ಬರಿಸುವ ಆ ವಾಸನೆ ನನಗೆ ಮಾತ್ರ ಇವತ್ತಿಗೂ ಆಗಿಬರುವುದಿಲ್ಲ. ಈಗ ನಾನು ಮದ್ದೂರಿನ ಹತ್ತಿರ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುತ್ತೇನೆ. ಅಕ್ಕಿ ಕಾಳಿನಂಥ ಪ್ಲಾಸ್ಟಿಕ್ ಹರಳು ಮೇಲಿಂದ ಬೀಳುತ್ತದೆ, ಒಳಗೆ ಕರಗುತ್ತದೆ, ಸ್ಕ್ರೂ ಅದನ್ನು ಉಕ್ಕಿನ ಅಚ್ಚಿಗೆ ತಳ್ಳುತ್ತದೆ, ಬಾಗಿಲು ತೆರೆದರೆ ಬಕೆಟ್ಟು. ಕರಗಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಹುಡುಗರು ಫೋನಿನಲ್ಲಿ ಹಾಡು ಹಾಕಿಕೊಂಡು ಕೆಲಸ ಮಾಡುತ್ತಾರೆ. ಇವರಿಗೆ ನಾನು ಒಂದು ಮಳೆಗಾಲದ ಕಥೆ ಹೇಳಿದರೆ, ಅಣ್ಣ ಬುರುಡೆ ಬಿಡ್ತಾನೆ ಅಂದುಕೊಂಡಾರು. ಅದಕ್ಕೆ ಬರೆದೇ ಇಡುತ್ತಿದ್ದೇನೆ.

ನಮ್ಮೂರು ದುದ್ದದ ಕಡೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಬಿಟ್ಟೆ ಅಂತ ಅವತ್ತೂ ನಾಚಿಕೆ ಇರಲಿಲ್ಲ, ಇವತ್ತೂ ಇಲ್ಲ. ಗಾರೆ ಕೆಲಸ, ವೆಲ್ಡಿಂಗು, ಲಾರಿ ಲೋಡು, ಯಾವುದಕ್ಕೆ ಕೈ ಹಾಕಿದರೂ “ನಂಜನ ಕೈಗೆ ಕೊಡ್ರಪ್ಪ” ಅನ್ನಿಸಿಕೊಂಡವನು. ಆ ಹೆಮ್ಮೆಯಲ್ಲೇ ಮಂಡ್ಯದ ಹೊರಗಿದ್ದ ಒಂದು ಸಣ್ಣ ಎರಕದ ಶೆಡ್ಡಿಗೆ ಸೇರಿದೆ. ಫೌಂಡ್ರಿ ಅನ್ನುತ್ತಿದ್ದೆವು. ಓನರ್ ರಮೇಶಣ್ಣ. ಅಲ್ಲಿ ಮುಖ್ಯವಾಗಿ ಎರೆಯುತ್ತಿದ್ದದ್ದು ಕಬ್ಬಿನ ಗಾಣದ ಹಲ್ಲು ಚಕ್ರ. ಮಳೆ ಹಿಡಿದು ಆಲೆಮನೆಗಳು ತಣ್ಣಗಾದಾಗ ಗೌಡರುಗಳು ಗಾಣ ಬಿಚ್ಚಿ ರಿಪೇರಿಗೆ ಹಾಕುತ್ತಾರೆ. ಹಲ್ಲು ಮುರಿದ ಚಕ್ರಗಳು ಟ್ರ್ಯಾಕ್ಟರಿನಲ್ಲಿ ನಮ್ಮ ಬಾಗಿಲಿಗೆ ಬರುತ್ತವೆ. ಹಾಗಾಗಿ ಊರೆಲ್ಲ ಒದ್ದೆಯಾದಾಗಲೇ ನಮಗೆ ಬೆಂಕಿಯ ಕೆಲಸ ಜಾಸ್ತಿ.

ಕೆಲಸ ಶುರುವಾಗುವುದು ಮರದಿಂದ. ನಮ್ಮ ಮರಗೆಲಸದ ಆಚಾರ್ರು ತೇಗದಲ್ಲಿ ಇಡೀ ಚಕ್ರವನ್ನೇ ಕೆತ್ತಿ ಕೊಡುತ್ತಿದ್ದರು. ಕಬ್ಬಿಣ ಆರುವಾಗ ಕುಗ್ಗುತ್ತದೆ, ಅದಕ್ಕೆ ಮರದ ಚಕ್ರ ಒಂದು ಕೂದಲು ದೊಡ್ಡದು. ಮರಳಿನಿಂದ ಎತ್ತುವಾಗ ಅಂಚು ಉದುರಬಾರದು, ಅದಕ್ಕೆ ಹಲ್ಲಿನ ಬದಿಗಳು ಕಣ್ಣಿಗೆ ಕಾಣದಷ್ಟು ಓರೆ. ಅದನ್ನು ಕಬ್ಬಿಣದ ಚೌಕಟ್ಟಿನ ಬಾಕ್ಸಿನಲ್ಲಿಟ್ಟು ಸುತ್ತ ಮರಳು ಕುಟ್ಟಿ, ಬಾಕ್ಸನ್ನು ಎರಡು ಹೋಳಾಗಿ ಬಿಚ್ಚಿ, ಮರ ತೆಗೆದರೆ ಮರಳಿನಲ್ಲಿ ಚಕ್ರದ ಆಕಾರದ ಖಾಲಿ ಜಾಗ. ಆ ಖಾಲಿಗೆ ಕಬ್ಬಿಣ ಎರೆಯಬೇಕು. ಚಕ್ರದ ನಡುವೆ ಅಚ್ಚುಗಂಬಿ ಹೋಗಲು ತೂತು ಬೇಕಲ್ಲ, ಅದಕ್ಕೆ ಮರಳಿನದೇ ಒಂದು ಗಟ್ಟಿ ಉರುಳೆ ಮಾಡಿ ನಡುವೆ ನಿಲ್ಲಿಸುತ್ತಾರೆ. ಅದಕ್ಕೆ ಕೋರು ಅನ್ನುತ್ತೇವೆ. ಎಲ್ಲ ಕಥೆಯೂ ಇರುವುದು ಈ ಕೋರಿನಲ್ಲಿ.

ಬರೀ ಮರಳು ನಿಲ್ಲುವುದಿಲ್ಲ, ಅಂಟು ಬೇಕು. ಬೇರೆ ಊರುಗಳಲ್ಲಿ ಎಣ್ಣೆ ಬೆರೆಸುತ್ತಾರಂತೆ, ಏನೇನೋ ಡಬ್ಬಿಯದು ಹಾಕುತ್ತಾರಂತೆ. ಮಂಡ್ಯದಲ್ಲಿ ಕಾಕಂಬಿಗೆ ಬರವೇ? ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕವನ್ನೇ ಮರಳಿಗೆ ಕಲಸಿ, ಉರುಳೆ ಮಾಡಿ, ಗೂಡಿನಲ್ಲಿಟ್ಟು ಬೇಯಿಸುತ್ತಿದ್ದೆವು. ಬೆಂದಾಗ ಶೆಡ್ಡೆಲ್ಲ ಸೀದ ಬೆಲ್ಲದ ವಾಸನೆ. ಚೆನ್ನಾಗಿ ಬೆಂದ ಕೋರು ಕಾಫಿ ಪುಡಿಯ ಬಣ್ಣಕ್ಕೆ ಬಂದು ಕಲ್ಲಾಗುತ್ತದೆ. ಒಂದು ಚೂರು ಕಚ್ಚಿದರೆ ಕಹಿ. ಸಿಹಿ ಹತ್ತಿದರೆ ಇನ್ನೂ ಹಸಿ ಅಂತ ಲೆಕ್ಕ. ಆದರೆ ಬೆಂದದ್ದೂ ಮಳೆಗಾಲದ ಗಾಳಿಯಲ್ಲಿ ಬಿಟ್ಟರೆ ತಂಪು ಎಳೆದುಕೊಂಡು ಮತ್ತೆ ಹಸಿಯಾಗುತ್ತದೆ. ಹಸಿ ಕೋರಿನ ಸುತ್ತ ಕರಗಿದ ಕಬ್ಬಿಣ ಬಂದರೆ ಆ ತೇವ ಒಂದೇ ಕ್ಷಣಕ್ಕೆ ಹಬೆಯಾಗುತ್ತದೆ. ಬಾಕ್ಸಿನ ಮರಳಿಗೆ ಚುಚ್ಚಿಟ್ಟ ಗಾಳಿತೂತುಗಳಲ್ಲಿ ಹೊರಗೆ ಹೋಗಲು ದಾರಿ ಸಿಗದಿದ್ದರೆ ಕಬ್ಬಿಣವನ್ನೇ ಮೇಲಕ್ಕೆ ಎಸೆಯುತ್ತದೆ. ಅದಕ್ಕೆ ನಮ್ಮಲ್ಲಿ “ಬಾಕ್ಸು ಉಗೀತು” ಅನ್ನುತ್ತಾರೆ. ಆ ಮಾತನ್ನು ಯಾರೂ ಜೋರಾಗಿ ಆಡುತ್ತಿರಲಿಲ್ಲ.

ಮುಂಗಾರು ಹಿಡಿದ ಹೊಸತು. ಕಬ್ಬಿಣ ತುಂಬಿದ ಲ್ಯಾಡಲನ್ನು, ಅಂದರೆ ಒಳಗೆ ಜೇಡಿಮಣ್ಣು ಮೆತ್ತಿದ ದೊಡ್ಡ ಉಕ್ಕಿನ ಬಕೆಟ್ಟನ್ನು, ಉದ್ದನೆಯ ಸಲಾಕೆಯ ನಡುವೆ ಕೂರಿಸಿ ಇಬ್ಬರು ಎರಡು ತುದಿ ಹಿಡಿದು ಹೊರುತ್ತಾರೆ. ಒಂದು ತುದಿಗೆ ಸಿದ್ದರಾಜು, ಮಳವಳ್ಳಿ ಕಡೆಯವನು, ನನ್ನದೇ ವಯಸ್ಸು. ಇನ್ನೊಂದು ತುದಿಗೆ ಚಲುವಣ್ಣ, ಶೆಡ್ಡಿಗೆಲ್ಲ ಹಿರಿಯ. ಅವತ್ತು ಬೆಳಿಗ್ಗೆ ಕೋರಿನ ಮೇಲೆ ಇರುವೆ ಸಾಲು ಹತ್ತಿತ್ತು. ಚಲುವಣ್ಣ ಟವಲಿನಿಂದ ಝಾಡಿಸಿ, “ನೋಡ್ರಲಾ, ನಮ್ಗಿಂತ ಮುಂಚೆ ಟಿಫನ್ನಿಗೆ ಬಂದವೆ” ಅಂತ ನಗಿಸಿ ಕೋರು ಇಟ್ಟು ಬಾಕ್ಸು ಮುಚ್ಚಿಬಿಟ್ಟ.

ಎರೆದಾಗ ಮೊದಲು ಗುಳುಗುಳು ಅಂದಿತು, ಬಾವಿಗೆ ಕೊಡ ಮುಳುಗಿದ ಹಾಗೆ. ಆಮೇಲೆ ಉಗಿಯಿತು. ಕೆಂಪು ಹನಿಗಳು ಶೆಡ್ಡಿನ ತಗಡಿಗೆ ಬಡಿದು ಉದುರಿದವು. ಒಂದಷ್ಟು ಚಲುವಣ್ಣನ ಶೂ ಒಳಗೆ ಹೋಯಿತು. ಅವನು ತುದಿ ಬಿಟ್ಟ. ಲ್ಯಾಡಲು ವಾಲಿ ಉಳಿದ ಕಬ್ಬಿಣವೆಲ್ಲ ನೆಲಕ್ಕೆ ಸುರಿದು ಸಿದ್ದರಾಜುವಿನ ಕಡೆಗೇ ಹರಿಯಿತು. ಅವನು ಮರಳಿನ ಗುಡ್ಡೆ ಮೇಲೆ ಹಾರಿ ಬಿದ್ದು ಉಳಿದುಕೊಂಡ.

ಆಸ್ಪತ್ರೆಗೆ ನೋಡಲು ಹೋದಾಗ ಚಲುವಣ್ಣ ಕಾಲಿನ ಕಡೆ ನೋಡದೆ ಸೂರು ನೋಡುತ್ತ ಮಲಗಿದ್ದ. “ಇರುವೆ ಬಂದಿದ್ವು ಕಣ್ಲಾ ನಂಜ. ಸೀ ಇರೋ ಕಡೆಗೆ ಅಲ್ವೇನ್ಲಾ ಇರುವೆ ಬರೋದು? ಕಹಿಯಾಗಿದ್ರೆ ಯಾಕ್ ಬತ್ತಿದ್ವು? ನೋಡಿದ್ನಲ್ಲೋ ನಾನು, ಕಣ್ಣಾರೆ ನೋಡಿದ್ನಲ್ಲೋ.” ಅಷ್ಟನ್ನೇ ಹೇಳಿ ಹೇಳಿ ಅತ್ತ.

ಆ ಮಾತು ನನ್ನೊಳಗೆ ಗೂಡು ಕಟ್ಟಿತು.

ಶೆಡ್ಡಿಗೆ ವಾಪಸು ಬಂದಾಗ ರಮೇಶಣ್ಣ ಎಲ್ಲರನ್ನೂ ಒಂದು ಸುತ್ತು ನೋಡಿ, “ಚಲುವಣ್ಣನ ತುದಿ ಯಾರು ಹಿಡೀತೀರಪ್ಪ?” ಅಂದ. ಮಳೆ ತಗಡಿನ ಮೇಲೆ ಹುಯ್ಯುತ್ತಿತ್ತು. “ನಾನಿಲ್ವಾ?” ಅನ್ನುವ ಮಾತು ನನ್ನ ಬಾಯಿಂದ ಬಂದಾಗಿತ್ತು. ಹೆಮ್ಮೆ ಮಾತಾಡಿತು, ಹೊಟ್ಟೆ ಆಮೇಲೆ ಕೇಳಿಸಿಕೊಂಡಿತು.

ಮೊದಲ ದಿನ ಲ್ಯಾಡಲು ಎತ್ತುವ ಮುಂಚೆ ಸಿದ್ದರಾಜು ನನ್ನನ್ನು ಪಕ್ಕಕ್ಕೆ ಕರೆದ.

“ನಿಂಗೆ ಒಂದೇ ಮಾತು ಏಳ್ತೀನಿ ಕಣ್ಲಾ. ಏನಾರ ಆಗ್ಲಿ, ಬುಡಬ್ಯಾಡ. ಬುಡಲೇಬೇಕು ಅಂದ್ರೆ ಕೂಗಿ ಬುಡು. ಕೂಗ್ದೆ ಬುಟ್ರೆ ನಾನು ಓಗ್ತೀನಿ.”

“ಚಲುವಣ್ಣನ ಮೇಲೆ ಸಿಟ್ಟಾ ನಿಂಗೆ?”

“ಥೂ, ಸಿಟ್ಟೆಂಥದು. ಕಾಲು ಬೇಯೋವಾಗ ಯಾವನ್ ಇಡ್ಕತಾನೆ? ನೀನೂ ಬುಡ್ತೀಯ, ನಾನೂ ಬುಡ್ತೀನಿ. ಕೂಗು ಅಂದೆ, ಅಷ್ಟೇ.”

“ನಂಜ ಇಡ್ಕೊಂಡಿದ್ದು ಬುಟ್ಟಿದ್ದು ಯಾವೂರಲ್ಲಿ ನೋಡಿದ್ದೀಯಲೇ?” ಅಂದೆ. ಸಿದ್ದರಾಜು ನಗಲಿಲ್ಲ. ನನ್ನ ಕೈಯನ್ನೇ ನೋಡಿದ. ಜೇಬಿಗೆ ಹಾಕಿಕೊಂಡೆ.

ಆ ಮಳೆಗಾಲ ಪೂರ್ತಿ ನಾನು ಬದುಕಿದ್ದು ಹೀಗೆ. ಎರೆಯುವ ದಿನ ಬೆಳಿಗ್ಗೆ ಎದ್ದ ಕೂಡಲೇ ಬಾಗಿಲಿಗೆ ಹೋಗಿ ಆಕಾಶ ನೋಡುವುದು. ಮೋಡ ಇದ್ದರೆ ಎದೆಯಲ್ಲಿ ಕಲ್ಲು. ಬಿಸಿಲಿದ್ದರೂ ಕಲ್ಲೇ, ಹಿಂದಿನ ದಿನ ಮಳೆ ಬಂದಿತ್ತಲ್ಲ ಅಂತ. ಹೆಂಡತಿ ಸವಿತ ಬಸ್ಸಾರಿಗೆ ಒಗ್ಗರಣೆ ಹಾಕಿದಾಗ ಸಾಸಿವೆ ಚಟಪಟ ಅಂದರೆ ನಾನು ಗೋಡೆಗೆ ಒರಗಿಬಿಡುತ್ತಿದ್ದೆ.

“ಯಾಕಿಂಗೆ ಬೆಚ್ಚಿ ಬೀಳ್ತೀರಿ? ಸಾಸ್ವೆ ಕಣಪ್ಪ ಅದು, ಪಟಾಕಿ ಅಲ್ಲ.”

“ಸದ್ದು ಜಾಸ್ತಿ ಆಯ್ತು, ಅಷ್ಟೇ.”

“ಸಾಸ್ವೆ ಇನ್ನೇನು ಪಿಸುಗುಟ್ತದಾ?” ಅಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಮಾರನೇ ದಿನದಿಂದ ನಾನು ಮನೆಯಲ್ಲಿರುವಾಗ ಒಗ್ಗರಣೆಗೆ ತಟ್ಟೆ ಮುಚ್ಚುತ್ತಿದ್ದಳು.

ಇರುವೆ ಕಂಡರಂತೂ ಹೇಳಬಾರದು. ಸಕ್ಕರೆ ಡಬ್ಬಿ ಸುತ್ತ ಒಂದು ಸಾಲು ಬಂದರೆ ಮೊಣಕಾಲೂರಿ ಕೂತು ಅವು ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಅಂತ ಗೋಡೆಯ ಬಿರುಕಿನವರೆಗೆ ಹುಡುಕುತ್ತಿದ್ದೆ. ಬಸ್‌ಸ್ಟಾಂಡಿನ ಬೆಂಚಿನ ಮೇಲೆ ಇರುವೆ ಇದ್ದರೆ ಕೂರುತ್ತಿರಲಿಲ್ಲ. ಶೆಡ್ಡಿನಲ್ಲಿ ಕೋರುಗಳನ್ನು ಒಂದೊಂದಾಗಿ ತಿರುವಿ ನೋಡುವುದು, ಚೂರು ಕಚ್ಚುವುದು, ಉಗುಳುವುದು, ಮತ್ತೆ ಕಚ್ಚುವುದು. ಕಹಿ ಹತ್ತಿದರೂ ನಾಲಿಗೆಯನ್ನು ನಂಬುತ್ತಿರಲಿಲ್ಲ.

“ಏನ್ಲಾ, ಕೋರೆಲ್ಲ ನೀನೇ ತಿಂದ್ರೆ ಬಾಕ್ಸಿಗೆ ಏನ್ ಮಡಗಾನ?” ಅನ್ನುತ್ತಿದ್ದ ಸಿದ್ದರಾಜು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಸುಡುವುದಕ್ಕೆ ನಾನು ಅಷ್ಟಾಗಿ ಹೆದರಿರಲಿಲ್ಲ ಅಂದರೆ ಯಾರೂ ನಂಬಲಿಕ್ಕಿಲ್ಲ. ಹೆದರಿಕೆ ಇದ್ದದ್ದು ಕೈಗೆ. ಒಂದು ಹನಿ ಸಿಡಿದರೆ ಸಾಕು, ನಾನು ಕೂಗುವ ಮೊದಲೇ ಈ ಕೈ ಬಿಟ್ಟುಬಿಡುತ್ತದೆ, ಆ ಕಡೆಯವನ ಮೇಲೆ ಕಬ್ಬಿಣ ಹೋಗುತ್ತದೆ, ಅವನ ಹೆಂಡತಿ ಎದುರಿಗೆ ನಾನು ನಿಲ್ಲಬೇಕಾಗುತ್ತದೆ. ಇದೇ ಕಣ್ಣ ಮುಂದೆ. ಸಿದ್ದರಾಜು ಪ್ರತಿ ಸಲವೂ ಲ್ಯಾಡಲು ಎತ್ತುವಾಗ ಒಮ್ಮೆ ನನ್ನ ಕಡೆ ನೋಡುತ್ತಿದ್ದ. ಅವನೂ ಅದನ್ನೇ ಯೋಚಿಸುತ್ತಿದ್ದಾನೆ ಅನ್ನಿಸುತ್ತಿತ್ತು.

ಮಳೆಗಾಲದ ಕೊನೆಗೆ ಮಳವಳ್ಳಿ ಕಡೆಯ ಚಿಕ್ಕೇಗೌಡರ ಚಕ್ರ ಬಂತು. ಆ ವರ್ಷದ ಎಲ್ಲಕ್ಕಿಂತ ದೊಡ್ಡದು, ಲ್ಯಾಡಲು ಕಂಠಮಟ್ಟ ತುಂಬಬೇಕು. ನಮ್ಮಲ್ಲಿ ಒಂದು ಪದ್ಧತಿ: ಗಾಣದ ಚಕ್ರ ಎರೆಯುವ ದಿನ ಆಲೆಮನೆಯವರೇ ಬಂದು ಬಾಕ್ಸಿಗೆ ಪೂಜೆ ಮಾಡುತ್ತಾರೆ. ನೀರು, ಹಾಲು ಯಾವುದನ್ನೂ ರಮೇಶಣ್ಣ ಹತ್ತಿರಕ್ಕೆ ಬಿಡುತ್ತಿರಲಿಲ್ಲ, ತೆಂಗಿನಕಾಯಿ ಕೂಡ ಶೆಡ್ಡಿನ ಹೊರಗೇ ಒಡೆಯಬೇಕು. ಒಳಗೆ ಅರಿಶಿನ ಕುಂಕುಮ, ಎರಡು ಹೂವು, ಒಂದು ಕರ್ಪೂರ. ಅವತ್ತು ಪೂಜೆ ಆಗುವಾಗ ನಾನು ಕಬ್ಬಿಣ ಕರಗಿಸುವ ಫರ್ನೇಸಿನ ಮೇಲಿನ ಅಟ್ಟಣೆಯಲ್ಲಿ ಕೋಕು ಕಲ್ಲಿದ್ದಲು, ಮುರುಕು ಕಬ್ಬಿಣ ಸುರಿಯುತ್ತಿದ್ದೆ. ಸಿದ್ದರಾಜು ಹಿತ್ತಲಲ್ಲಿ ಲ್ಯಾಡಲು ಕಾಯಿಸುತ್ತಿದ್ದ. ಅವನ ಮನೆಯಲ್ಲಿ ಬುದ್ಧನ ಪಟ ಒಂದೇ. ಪೂಜೆ ಹೊತ್ತಿಗೆ ಅವನು ಯಾವತ್ತೂ ಹೊರಗಿನ ಕೆಲಸ ಹುಡುಕಿಕೊಳ್ಳುತ್ತಿದ್ದ.

ಫರ್ನೇಸಿನ ಬುಡದ ತೂತಿಗೆ ಜಡಿದಿದ್ದ ಜೇಡಿಮಣ್ಣಿನ ಬಿರಡೆ ಒಡೆದರು. ಕಬ್ಬಿಣ ಇಳಿಯಿತು, ಹಳದಿಯೂ ಅಲ್ಲ ಬಿಳಿಯೂ ಅಲ್ಲ, ನೋಡಿದರೆ ಕಣ್ಣೊಳಗೆ ಉಳಿಯುವ ಬಣ್ಣ. ಎತ್ತಿದೆವು. “ನಡಿ… ನಡಿ…” ಅನ್ನುತ್ತ ಸಿದ್ದರಾಜು ಹೆಜ್ಜೆ ಹಾಕಿಸಿದ. ಮುಖದ ಬೆವರು ಮುಖದ ಮೇಲೇ ಒಣಗುತ್ತಿತ್ತು. ಬಾಕ್ಸಿನ ಹತ್ತಿರ ಬಂದೆವು. ಲ್ಯಾಡಲಿನ ಮೂತಿ ಬಾಕ್ಸಿನ ಬಾಯಿಗೆ ನೇರವಾಯಿತು. ಆಗ ನೋಡಿದೆ.

ಬಾಕ್ಸಿನ ಮೇಲ್ಭಾಗದ ಗಾಳಿತೂತಿನಿಂದ ಇರುವೆ ಬರುತ್ತಿದ್ದವು. ಒಂದಲ್ಲ ಎರಡಲ್ಲ, ಸಾಲು. ಒಳಗಿನಿಂದ ಹೊರಕ್ಕೆ, ಬಿಸಿಗೆ ದಿಕ್ಕು ತಪ್ಪಿ, ಮರಳಿನ ಮೇಲೆ ಸುತ್ತುತ್ತ.

“ನಿಲ್ಸು!”

“ಏನ್ಲಾ?”

“ಇರುವೆ. ಸಿದ್ದ, ಇರುವೆ ಕಣ್ಲಾ!”

ನನ್ನ ಧ್ವನಿ ನನ್ನದಾಗಿರಲಿಲ್ಲ. ರಮೇಶಣ್ಣ ಆ ಕಡೆಯಿಂದ “ಎರೀರಲಾ, ಆರೋಯ್ತದೆ!” ಅಂತ ಕೂಗಿದ. ಲ್ಯಾಡಲಿನ ಮೇಲೆ ಆಗಲೇ ಕಪ್ಪು ಕೆನೆ ಕಟ್ಟುತ್ತಿತ್ತು. ಸಿದ್ದರಾಜು ಬಾಕ್ಸು ನೋಡಲಿಲ್ಲ, ನನ್ನ ಮುಖ ನೋಡಿದ. ಆಮೇಲೆ, “ಪಕ್ಕಕ್ಕೆ ನಡಿ. ಮೆಲ್ಲಗೆ. ಮರಳು ಗುಂಡಿಗೆ” ಅಂದ.

ನಡೆದೆವು. ಆ ನಾಲ್ಕು ಮಾರು ನೆಲ ನನಗೆ ಮಂಡ್ಯದಿಂದ ಮೈಸೂರಷ್ಟು ದೂರ. ಒಣ ಮರಳಿನ ಗುಂಡಿಗೆ ಕಬ್ಬಿಣವನ್ನೆಲ್ಲ ಸುರಿದೆವು. ಖಾಲಿ ಲ್ಯಾಡಲು ಕೆಳಗಿಟ್ಟೆವು. ಸಿದ್ದರಾಜು ಬೆನ್ನು ನೆಟ್ಟಗೆ ಮಾಡಿದ. ನಾನು ಬಗ್ಗಿಕೊಂಡೇ ಇದ್ದೆ. ಕೈ ಬಿಡಲು ಆಗುತ್ತಿರಲಿಲ್ಲ. ಬೆರಳು ಸಲಾಕೆಗೆ ಕಚ್ಚಿಕೊಂಡು ಕೂತಿದ್ದವು, ನಾನು ಹೇಳಿದರೂ ತೆರೆಯಲೊಲ್ಲವು.

“ಬುಡ್ಲಾ ಈಗ.”

“ಆಗ್ತಿಲ್ಲ ಕಣ್ಲಾ.”

ಅವನು ಬಂದು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಗ್ಲೌಸಿನ ಮೇಲಿಂದಲೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಮಗುವಿನ ಕೈಯಿಂದ ಆಟದ ಸಾಮಾನು ಬಿಡಿಸುವ ಹಾಗೆ.

ರಮೇಶಣ್ಣ ಬಾಕ್ಸು ಬಿಚ್ಚಿಸಿದ. ಮೇಲಿನ ಹೋಳು ಎತ್ತಿದರು. ನಡುವೆ ಕೋರು ನಿಂತಿತ್ತು, ಕಾಫಿ ಪುಡಿಯ ಬಣ್ಣ. ರಮೇಶಣ್ಣ ಒಂದು ಚೂರು ಮುರಿದು ಕಚ್ಚಿದ. ಥೂ ಅಂತ ಉಗಿದ. “ಬೇವು ಇದ್ದಂಗೈತೆ. ಇದಕ್ಕಿಂತ ಒಣಗಿದ ಕೋರು ಈ ವರ್ಷ ನಾನು ನೋಡಿಲ್ಲ. ಏನ್ ನಂಜ ಇದು?”

ಇರುವೆಗಳು ಕೋರಿನ ಮೇಲೆ ಇರಲಿಲ್ಲ. ಗಾಳಿತೂತಿನ ಬಾಯಲ್ಲೇ ಗುಂಪಾಗಿದ್ದವು. ಆಗ ಚಿಕ್ಕೇಗೌಡರು ಶಲ್ಯ ಸರಿಮಾಡಿಕೊಂಡು ಮುಂದೆ ಬಂದರು. “ಅಯ್ಯೋ ಶಿವನೇ. ಬೆಲ್ಲ ನಾನೇ ಮಡಗಿದ್ದು ಕಣಪ್ಪ. ನಮ್ಮ ಆಲೆಮನೇದು, ಒಂದ್ ಉಂಡೆ. ಚಕ್ರದ ಬಾಯಿ ಸಿಹಿಯಾಗ್ಲಿ ಅಂತ ಆ ತೂತಿನೊಳಕ್ಕೆ ಒಸಿ ಒತ್ತಿದ್ದೆ. ಹೂ ತೆಗೆದ್ರು, ಬೆಲ್ಲ ಯಾರೂ ನೋಡ್ನಿಲ್ಲ.”

ಶೆಡ್ಡೇ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಆಚಾರ್ರು ಕಣ್ಣೊರೆಸಿಕೊಂಡು, “ಇರುವೆಗೆ ಹೆದರಿ ಒಂದು ಲ್ಯಾಡಲ್ ಕಬ್ಬಿಣ ಚೆಲ್ಲಿದ ಗಂಡು ಯಾರಪ್ಪಾ ಅಂದ್ರೆ…” ಅಂದರು. ನನ್ನ ಕಿವಿ ಫರ್ನೇಸಿಗಿಂತ ಬಿಸಿಯಾಗಿತ್ತು. ಗ್ಲೌಸು ಕಿತ್ತು ಎಸೆದು ದುದ್ದದ ಬಸ್ಸು ಹತ್ತಿಬಿಡೋಣ ಅನ್ನಿಸಿತು. ಗೇಟಿನವರೆಗೆ ಹೋದೆ ಕೂಡ.

“ಎಲ್ಲಿಗ್ಲಾ?” ಸಿದ್ದರಾಜು ಹಿಂದೆ ಬಂದಿದ್ದ.

“ಮನೆಗೆ. ಸಾಕು. ಎದ್ರುಕೆ ಕಣ್ಲಾ ನಂಗೆ. ಮೊದಲ ದಿನದಿಂದ ಎದ್ರುಕೆ. ನಗು ನೀನೂ.”

ಅವನು ನಗಲಿಲ್ಲ. ಬೀಡಿ ಹಚ್ಚಲು ಹೋದ, ಬೆಂಕಿಕಡ್ಡಿ ನಿಲ್ಲದೆ ಕೆಳಕ್ಕೆ ಬಿತ್ತು. ಇನ್ನೊಂದು ಗೀರಿದ, ಅದೂ ಬಿತ್ತು. ಕೈ ಮುಂದೆ ಚಾಚಿ ನನಗೆ ತೋರಿಸಿದ. ಗಾಳಿಗೆ ಎಲೆ ಅಲ್ಲಾಡುವ ಹಾಗೆ ಅಲ್ಲಾಡುತ್ತಿತ್ತು.

“ನೋಡ್ಕೊ. ಚಲುವಣ್ಣ ಬಿದ್ದಾಗಿಂದ ಇಂಗೇ. ನೀನು ಯಾವಾಗ ಬುಡ್ತೀಯೋ ಅಂತ ಮಳೆಗಾಲೆಲ್ಲ ನಿನ್ ಕೈ ನೋಡ್ಕಂಡೇ ನಡ್ದಿವ್ನಿ ನಾನು. ಇವತ್ತು ಬುಟ್ಟಿದ್ರೆ ನ್ಯಾಯವಾಗಿತ್ತು. ನೀನು ಕೂಗ್ಕಂಡೆ. ಬುಡ್ನಿಲ್ಲ. ಬುಡು ಅಂದ್ರೂ ಬುಡ್ನಿಲ್ವಲ್ಲೋ.” ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, “ಇರುವೆಗೆ ಏನ್ ಗೊತ್ತಾಯ್ತದೆ, ಅದು ದೇವ್ರ ಬೆಲ್ಲ ಅಂತ. ಬಾ” ಅಂದ.

ಫರ್ನೇಸು ಇನ್ನೂ ಬಿಸಿಯಿತ್ತು. ರಮೇಶಣ್ಣ ಗೊಣಗುತ್ತ ಮತ್ತೆ ಕೋಕು ಹಾಕಿಸಿದ. ಬೆಲ್ಲ ಕೆರೆದು ತೆಗೆದು, ಗಾಳಿತೂತು ಹೊಸದಾಗಿ ಚುಚ್ಚಿ, ಬಾಕ್ಸು ಮುಚ್ಚಿ ಮೇಲೆ ಭಾರ ಹೇರಿದರು. ಚಿಕ್ಕೇಗೌಡರನ್ನು ಟ್ರ್ಯಾಕ್ಟರಿನ ಹತ್ತಿರ ಕೂರಿಸಿ, ಅಲ್ಲಿಂದ ಏಳಬಾರದು ಅಂತ ಹೇಳಿದರು. ಮಧ್ಯಾಹ್ನದ ಬಿಸಿಲು ಮೋಡದೊಳಗಿಂದ ತೂರಿ ಶೆಡ್ಡಿಗೆ ಬಂದಿತ್ತು. ನಾನು ನನ್ನ ತುದಿಗೆ ಹೋಗಿ ಬಗ್ಗಿದೆ.

“ಅದಲ್ಲ. ಈ ಕಡೆ ಬಾ.”

ಲ್ಯಾಡಲಿನ ಸಲಾಕೆಯ ಎರಡು ತುದಿಯೂ ಒಂದೇ ತರ ಇರುವುದಿಲ್ಲ. ನಾನು ಹಿಡಿಯುತ್ತಿದ್ದದ್ದು ಒಂಟಿ ಹಿಡಿ, ಅದು ಬರೀ ಭಾರ ಹೊರುವ ತುದಿ. ಇನ್ನೊಂದಕ್ಕೆ ಕವೆಯ ಹಾಗೆ ಜೋಡಿ ಹಿಡಿ. ಕಬ್ಬಿಣವನ್ನು ಬಗ್ಗಿಸುವುದು ಆ ತುದಿಯವನು. ಎಷ್ಟು, ಯಾವಾಗ, ಯಾವ ಕಡೆಗೆ ಎಲ್ಲ ಅವನ ಮಣಿಕಟ್ಟಿನಲ್ಲಿ. ಎದುರಿಗಿರುವವನ ಜೀವವೂ ಅಲ್ಲೇ.

“ನಂಗ್ಯಾಕ್ಲಾ?”

“ನನ್ ಕೈ ನೋಡಿದ್ಯಲ್ಲ. ಇವತ್ತು ನೀನೇ ಬಗ್ಸು.”

ಜಾಗ ಬದಲಿಸಿಕೊಂಡೆವು. ಎತ್ತಿದೆವು. ಹೆದರಿಕೆ ಹೋಗಿತ್ತು ಅಂದರೆ ಸುಳ್ಳಾಗುತ್ತದೆ. ಬಾಕ್ಸಿನ ಬಾಯಿ ನೋಡಿ ಮೆಲ್ಲಗೆ ಬಗ್ಗಿಸಿದೆ. ಕಬ್ಬಿಣ ಬೆರಳಿನಷ್ಟು ದಪ್ಪಕ್ಕೆ ಇಳಿಯಿತು. ಗುಳುಗುಳು ಅನ್ನುತ್ತದಾ ಅಂತ ಕಿವಿ ಕೊಟ್ಟೆ. ಇಲ್ಲ. ಗಾಳಿತೂತುಗಳಲ್ಲಿ ಒಂದರ ಹಿಂದೆ ಒಂದು ನೀಲಿ ಬೆಂಕಿ ಹತ್ತಿಕೊಂಡಿತು, ದೀಪ ಹಚ್ಚಿದ ಹಾಗೆ, ಸದ್ದಿಲ್ಲದೆ. ಒಳಗಿನ ಗಾಳಿ ಸರಾಗವಾಗಿ ಹೊರಗೆ ಬರುತ್ತಿತ್ತು. ನಾನು ಬಗ್ಗಿಸುತ್ತಲೇ ಇದ್ದೆ. ಒಳಗೆ ತುಂಬಿದ್ದು ತಿಳಿಯಲೆಂದು ಬಾಕ್ಸಿನ ಆ ಕಡೆ ಬಿಟ್ಟಿದ್ದ ಕೊಳವೆಯಲ್ಲಿ ಕಬ್ಬಿಣ ಮೇಲೆದ್ದು ಬಂದು, ಕಣ್ಣು ತೆರೆದ ಹಾಗೆ, ಅಂಚಿನಲ್ಲಿ ನಿಂತಿತು.

ಲ್ಯಾಡಲಿನ ಆ ತುದಿಯಿಂದ ಸಿದ್ದರಾಜು ಮೆಲ್ಲಗೆ ಹೇಳಿದ:

“ಉಸ್ರು ಬುಡ್ಲಾ ನಂಜ. ತುಂಬ್ತು.”